ಒಂಟಿ ಪ್ರೋಟೀನಿನ ಕಟ್ಟುಕಥೆ

ಜೀವವಿಜ್ಞಾನದ ಪಾಠಗಳಲ್ಲಿ, ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿ, ಯೂಟ್ಯೂಬ್ ಉಪನ್ಯಾಸಗಳಲ್ಲಿ ಒಂದು ಮಾತು ಯಾರ ತಡೆಯೂ ಇಲ್ಲದೆ ಓಡಾಡುತ್ತಿದೆ. ಪ್ರತಿಯೊಂದು ಜೀನಿಗೂ ಒಂದು ಸ್ವಿಚ್ ಇದೆ. ಅದನ್ನು ಒತ್ತಲು ಒಂದು ಪ್ರೋಟೀನ್ ಇದೆ. ಆ ಪ್ರೋಟೀನಿಗೆ ಡಿಎನ್‌ಎ ಮೇಲೆ ತನ್ನದೇ ಆದ ಅಕ್ಷರಗಳ ಸಾಲೊಂದಿದೆ. ಬೀಗದೊಳಗೆ ಕೀಲಿ ಕೂತಂತೆ ಅದು ಅಲ್ಲಿ ಹೋಗಿ ಕೂರುತ್ತದೆ, ಜೀನ್ ಕೆಲಸ ಶುರುಮಾಡುತ್ತದೆ. ಈ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಮನುಷ್ಯರಲ್ಲಿ ಇಂಥವು 1,600ಕ್ಕೂ ಹೆಚ್ಚು. ಇವುಗಳಲ್ಲಿ ಕೆಲವಕ್ಕೆ ‘ಮಾಸ್ಟರ್ ಜೀನ್’ ಎಂಬ ಪಟ್ಟ ಕಟ್ಟಿ, ಕಣ್ಣಿಗೊಂದು, ಸ್ನಾಯುವಿಗೊಂದು ಎಂದು ಅಂಗಾಂಗಗಳನ್ನು ಹಂಚಿಕೊಟ್ಟೂ ಆಗಿದೆ.

ಈ ಚಿತ್ರ ತಪ್ಪು. ಮಕ್ಕಳಿಗೆ ಅರ್ಥವಾಗಲೆಂದು ಸ್ವಲ್ಪ ಸರಳ ಮಾಡಿದ್ದಾರೆ, ಬಿಡಿ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ಸರಳ ಮಾಡುವಾಗ ವಿವರಗಳು ಬಿಟ್ಟುಹೋಗಲಿ, ತಿರುಳು ಉಳಿಯಬೇಕು. ಇಲ್ಲಿ ತಿರುಳೇ ಬಿಟ್ಟುಹೋಗಿದೆ. ನಮ್ಮಂಥ ಜೀವಿಗಳಲ್ಲಿ ಡಿಎನ್‌ಎಯ ಸರಿಯಾದ ಜಾಗವನ್ನು ಗುರುತಿಸುವ ಶಕ್ತಿ ಬಹುಮಟ್ಟಿಗೆ ಯಾವ ಒಂದು ಪ್ರೋಟೀನಿನಲ್ಲೂ ಇಲ್ಲ. ಹಲವು ಪ್ರೋಟೀನುಗಳು ಒಂದೆಡೆ ಸೇರಿ, ಒಂದರ ಹಿಡಿತ ಇನ್ನೊಂದರ ಹಿಡಿತವನ್ನು ಬಿಗಿ ಮಾಡಿದಾಗ ಹುಟ್ಟುವ ಶಕ್ತಿ ಅದು.

ಮೊದಲು ಬರೀ ಲೆಕ್ಕ ಹಾಕಿ ನೋಡೋಣ. ಕೆಂಪು ರಕ್ತಕಣಗಳು ಬೆಳೆಯಲು ಬೇಕಾದ ಗಾಟಾ-1 ಎಂಬ ಪ್ರೋಟೀನನ್ನು ತೆಗೆದುಕೊಳ್ಳಿ. ಅದು ಹುಡುಕುವ ಸಾಲಿನಲ್ಲಿ ಇರುವುದು ಆರೇ ಅಕ್ಷರ. ನಡುವೆ ಜಿ, ಎ, ಟಿ, ಎ ಇರಲೇಬೇಕು. ಮೊದಲಿನ ಅಕ್ಷರ ಎ ಅಥವಾ ಟಿ, ಕೊನೆಯದು ಎ ಅಥವಾ ಜಿ ಆದರೆ ಸಾಕು. ಇಂಥ ಸಾಲು ಡಿಎನ್‌ಎಯ ಎರಡೂ ಎಳೆಗಳನ್ನು ಸೇರಿಸಿದರೆ ಸರಾಸರಿ 512 ಅಕ್ಷರಗಳಿಗೊಮ್ಮೆ ಆಕಸ್ಮಿಕವಾಗಿಯೇ ಸಿಗುತ್ತದೆ. ಮನುಷ್ಯನ ಜೀನೋಮಿನಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ. ಅಂದರೆ ಈ ಕೀಲಿ ಹೊಂದುವ ಬೀಗಗಳು ಸುಮಾರು 60 ಲಕ್ಷ! ರಕ್ತ ಬೆಳೆಯುವ ಕೋಶಗಳಲ್ಲಿ ಗಾಟಾ-1 ನಿಜವಾಗಿ ಎಲ್ಲೆಲ್ಲಿ ಕೂತಿದೆ ಎಂದು ಅಳೆದು ನೋಡಿದವರಿಗೆ ಕಂಡದ್ದು ಈ ಜಾಗಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇಷ್ಟು ದೊಡ್ಡ ಡಿಎನ್‌ಎಯಲ್ಲಿ ಒಂದು ಜಾಗವನ್ನು ಒಂದೇ ಆಗಿ ಗುರುತಿಸಲು ಕನಿಷ್ಠ 16 ಅಕ್ಷರಗಳ ಖಚಿತ ಸಾಲು ಬೇಕು. ನಮ್ಮ ಬಹುಪಾಲು ಪ್ರೋಟೀನುಗಳು ಓದುವುದು ಆರರಿಂದ ಹತ್ತು ಅಕ್ಷರ, ಅದರಲ್ಲೂ ಅಲ್ಲಲ್ಲಿ ಸಡಿಲ. ಮಂಜುನಾಥ ಎಂಬ ಹೆಸರೊಂದನ್ನೇ ಬರೆದ ಲಕೋಟೆ ಯಾರ ಮನೆಗೂ ಮುಟ್ಟುವುದಿಲ್ಲ. ಅಪ್ಪನ ಹೆಸರು, ಊರು, ಬೀದಿ ಎಲ್ಲ ಸೇರಿದಾಗಲೇ ಅಂಚೆಯವರಿಗೆ ಮಂಜುನಾಥ ಸಿಗುತ್ತಾರೆ. ಜೀವಕೋಶದಲ್ಲಿ ಆ ಉಳಿದ ವಿಳಾಸವನ್ನು ತುಂಬುವುದು ಜೊತೆಗಾರ ಪ್ರೋಟೀನುಗಳು.

ಬ್ಯಾಕ್ಟೀರಿಯಾದ ವಿಷಯ ಬೇರೆ, ಅಲ್ಲಿ ಜೀನೋಮ್ ಚಿಕ್ಕದು, ಒಂದು ಪ್ರೋಟೀನಿಗೆ ಒಂದು ಜಾಗ ಸಾಕು, ಪಾಠದಲ್ಲಿ ಇರುವುದೂ ಅದೇ ಎಂದು ಯಾರಾದರೂ ಹೇಳಬಹುದು. ಅದನ್ನೂ ನೋಡೋಣ. ದ್ವಿತೀಯ ಪಿಯುಸಿಯಲ್ಲಿ ಜೀವವಿಜ್ಞಾನ ಓದಿದ ಪ್ರತಿಯೊಬ್ಬರೂ ಲ್ಯಾಕ್ ಓಪೆರಾನ್ ಬಲ್ಲರು. 1961ರಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ ಮುಂದಿಟ್ಟ, ಬ್ಯಾಕ್ಟೀರಿಯಾದ ಜೀನುಗುಂಪೊಂದು ಹೇಗೆ ಚಾಲೂ ಆಗುತ್ತದೆ, ಹೇಗೆ ನಿಲ್ಲುತ್ತದೆ ಎಂಬ ಮಹತ್ವದ ಸಿದ್ಧಾಂತ ಅದು. ಜೀನುಗಳಿಗೆ ನಿಯಂತ್ರಣವಿದೆ ಎಂಬ ತಿಳಿವಳಿಕೆಯೇ ಅಲ್ಲಿಂದ ಗಟ್ಟಿಯಾಯಿತು. 1966ರಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್ ಅಲ್ಲಿ ಜೀನನ್ನು ನಿಲ್ಲಿಸುವ ತಡೆ ಪ್ರೋಟೀನನ್ನು ಬೇರ್ಪಡಿಸಿ ತೋರಿಸಿದರು. ಪುಸ್ತಕದ ಚಿತ್ರದಲ್ಲಿ ತಡೆ ಪ್ರೋಟೀನ್ ಒಂದು ಗುಂಡು, ಡಿಎನ್‌ಎ ಮೇಲೆ ಆಪರೇಟರ್ ಎಂಬ ಒಂದು ಗೂಡು, ಗುಂಡು ಗೂಡಿಗೆ ಕೂತಿತು, ಜೀನ್ ನಿಂತಿತು. ವಿದ್ಯಾರ್ಥಿ ಅದನ್ನೇ ಬರೆದು ಪೂರ್ತಿ ಅಂಕ ಪಡೆಯುತ್ತಾನೆ.

ನಿಜವಾದ ಲ್ಯಾಕ್ ಓಪೆರಾನಿನಲ್ಲಿ ಆಪರೇಟರುಗಳು ಮೂರು. ಮುಖ್ಯವಾದದ್ದು ಜೀನಿನ ಆರಂಭದಲ್ಲಿದೆ. ಇನ್ನೊಂದು ಅದಕ್ಕಿಂತ 92 ಅಕ್ಷರ ಹಿಂದೆ, ಮತ್ತೊಂದು 401 ಅಕ್ಷರ ಮುಂದೆ, ಜೀನಿನ ಒಡಲೊಳಗೇ ಇದೆ. ತಡೆ ಪ್ರೋಟೀನ್ ಕೂಡ ಒಂಟಿಯಲ್ಲ. ಒಂದೇ ಬಗೆಯ ನಾಲ್ಕು ತುಂಡುಗಳು ಎರಡೆರಡಾಗಿ ಸೇರಿ ಆದ ಕೂಟ ಅದು. ಒಂದು ಜೋಡಿ ಒಂದು ಆಪರೇಟರನ್ನು ಹಿಡಿದರೆ ಇನ್ನೊಂದು ಜೋಡಿ ದೂರದ ಮತ್ತೊಂದನ್ನು ಹಿಡಿಯುತ್ತದೆ, ನಡುವಿನ ಡಿಎನ್‌ಎ ಕುಣಿಕೆಯಾಗಿ ಬಾಗುತ್ತದೆ. ಆಚೀಚಿನ ಎರಡು ಜಾಗಗಳು ಮುಖ್ಯ ಆಪರೇಟರಿಗಿಂತ ದುರ್ಬಲ. ಅವನ್ನು ಪುಸ್ತಕ ಬಿಟ್ಟದ್ದೂ ಬಹುಶಃ ಇದೇ ಕಾರಣಕ್ಕೆ. 1990ರಲ್ಲಿ ಮ್ಯೂಲರ್-ಹಿಲ್ ಅವರ ತಂಡ ಮುಖ್ಯ ಆಪರೇಟರನ್ನು ಮುಟ್ಟದೆ ಆ ಎರಡನ್ನು ಮಾತ್ರ ಕೆಡಿಸಿ ನೋಡಿತು. ಜೀನಿನ ಮೇಲಿನ ತಡೆ 50 ಪಟ್ಟಿಗೂ ಹೆಚ್ಚು ಕುಸಿಯಿತು. ಕೀಲಿಯೂ ಇತ್ತು, ಬೀಗವೂ ಇತ್ತು, ಆದರೂ ಬಾಗಿಲು ಭದ್ರವಾಗಿ ನಿಲ್ಲಲಿಲ್ಲ. ಒಂಟಿ ಪ್ರೋಟೀನಿನ ವಾದಕ್ಕೆ ಅತ್ಯುತ್ತಮ ಸಾಕ್ಷಿ ಎಂದು ತಲೆಮಾರುಗಳಿಂದ ಕಲಿಸುತ್ತ ಬಂದ ಉದಾಹರಣೆಯೇ ಆ ವಾದವನ್ನು ಮುರಿಯುತ್ತದೆ. ಇದು ಹೊಸ ಸುದ್ದಿಯೂ ಅಲ್ಲ, ಮೂರು ದಶಕಗಳಿಗಿಂತ ಹಳೆಯದು.

ಲ್ಯಾಮ್ಡಾ ಎಂಬ ವೈರಸ್ಸಿನದು ಇನ್ನೂ ಸ್ಪಷ್ಟವಾದ ಉದಾಹರಣೆ. ನನ್ನ ಮಟ್ಟಿಗೆ ಇಡೀ ವಿಷಯಕ್ಕೆ ಪ್ರವೇಶದ್ವಾರವೇ ಅದು. ಬ್ಯಾಕ್ಟೀರಿಯಾದೊಳಗೆ ಹೊಕ್ಕ ಲ್ಯಾಮ್ಡಾ ಎರಡು ರೀತಿ ಬದುಕಬಲ್ಲದು. ತಕ್ಷಣ ಮರಿಹಾಕಿ ಆತಿಥೇಯನನ್ನು ಒಡೆದು ಹೊರಬರಬಹುದು, ಇಲ್ಲವೇ ಅದರ ಡಿಎನ್‌ಎಯಲ್ಲಿ ಸೇರಿಕೊಂಡು ತಲೆಮಾರುಗಟ್ಟಲೆ ಸುಮ್ಮನಿರಬಹುದು. ಸುಮ್ಮನಿರಿಸುವುದು ಒಂದು ತಡೆ ಪ್ರೋಟೀನ್. ಮಾರ್ಕ್ ಟಾಶ್ನೆ ಅದನ್ನು 1967ರಲ್ಲಿ ಬೇರ್ಪಡಿಸಿದರು. 236 ಅಮೈನೋ ಆಮ್ಲಗಳ ಈ ಪ್ರೋಟೀನ್ ಎರಡೆರಡಾಗಿ ಜೋಡಿಗೊಂಡು, ಪಕ್ಕಪಕ್ಕದಲ್ಲಿರುವ 17 ಅಕ್ಷರಗಳ ಜಾಗಗಳ ಮೇಲೆ ಕೂರುತ್ತದೆ. ಮೊದಲ ಜಾಗ ಬಿಗಿ, ಎರಡನೆಯದು ಅದಕ್ಕಿಂತ ಹತ್ತಾರು ಪಟ್ಟು ಸಡಿಲ. ಒಂಟಿ ಲೆಕ್ಕದಲ್ಲಿ ನೋಡಿದರೆ ಎರಡನೆಯದು ಬಹುಕಾಲ ಖಾಲಿಯೇ ಇರಬೇಕಿತ್ತು. ಇರುವುದಿಲ್ಲ. ಮೊದಲ ಜಾಗದಲ್ಲಿ ಕೂತ ಜೋಡಿ ತನ್ನ ಬಾಲದ ಭಾಗದಿಂದ ಪಕ್ಕದ ಜೋಡಿಯನ್ನು ಹಿಡಿದುಕೊಳ್ಳುತ್ತದೆ. ಎರಡೂ ಜಾಗಗಳು ಹೆಚ್ಚುಕಡಿಮೆ ಒಟ್ಟಿಗೇ ತುಂಬುತ್ತವೆ. 1982ರಲ್ಲಿ ಗ್ಯಾರಿ ಆಕರ್ಸ್, ಅಲೆಕ್ಸಾಂಡರ್ ಜಾನ್ಸನ್ ಮತ್ತು ಮ್ಯಾಡಲಿನ್ ಶೇ ಇದನ್ನು ಶಕ್ತಿಯ ಲೆಕ್ಕದಲ್ಲಿ ಇಟ್ಟು ತೋರಿಸಿದರು. ಆ ಜೋಡಿಗಳ ನಡುವಿನ ಸೆಳೆತ ಒಂದು ಮೋಲಿಗೆ ಸುಮಾರು 2 ಕಿಲೊಕ್ಯಾಲೊರಿ, ಅಷ್ಟೇ. ಆದರೆ ಹಿಡಿತದ ಬಲ ಶಕ್ತಿಯೊಂದಿಗೆ ಗುಣಾಕಾರದಲ್ಲಿ ಏರುತ್ತದೆ: 1.4 ಕಿಲೊಕ್ಯಾಲೊರಿ ಸೇರಿದರೆ ಹತ್ತು ಪಟ್ಟು, 2.8 ಸೇರಿದರೆ ನೂರು ಪಟ್ಟು. ದುರ್ಬಲವಾದ ಪರಸ್ಪರ ಸ್ಪರ್ಶಗಳಿಂದ ಇಷ್ಟು ದೊಡ್ಡ ವ್ಯತ್ಯಾಸ ಬರುತ್ತದೆ ಎಂಬುದನ್ನು ಕೀಲಿ-ಬೀಗದ ಚಿತ್ರ ಎಂದಿಗೂ ಹೇಳಲಾರದು.

ಈ ಸಹಕಾರದಿಂದ ಬರುವ ಇನ್ನೊಂದು ಲಾಭ ಚುರುಕು. ನೇರಳಾತೀತ ಬೆಳಕು ಬಿದ್ದು ಬ್ಯಾಕ್ಟೀರಿಯಾದ ಡಿಎನ್‌ಎ ಹಾಳಾದಾಗ ಲ್ಯಾಮ್ಡಾದ ತಡೆ ಪ್ರೋಟೀನುಗಳು ತುಂಡಾಗತೊಡಗುತ್ತವೆ. ಒಂಟೊಂಟಿಯಾಗಿ ಹಿಡಿಯುವಂತಿದ್ದರೆ ತಡೆ ನಿಧಾನವಾಗಿ, ಅರೆಬರೆಯಾಗಿ ಸಡಿಲವಾಗುತ್ತಿತ್ತು. ಒಂದನ್ನೊಂದು ಹಿಡಿದು ನಿಂತಿರುವುದರಿಂದ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದೊಡನೆ ಎಲ್ಲವೂ ಒಟ್ಟಿಗೆ ಕಳಚುತ್ತವೆ. ವೈರಸ್ ಎದ್ದು ಹೊರಡುತ್ತದೆ. ಸಾಲದ್ದಕ್ಕೆ, ಸುಮಾರು 2,400 ಅಕ್ಷರ ದೂರದಲ್ಲಿರುವ ಇನ್ನೊಂದು ಗುಂಪಿನ ಜಾಗಗಳಲ್ಲಿ ಕೂತ ಪ್ರೋಟೀನುಗಳೂ ಬಂದು ಇವುಗಳೊಂದಿಗೆ ಬೆಸೆದುಕೊಂಡು ಎಂಟರ ಕೂಟವಾಗುತ್ತವೆ. ಒಂದು ವೈರಸ್ಸಿಗೇ ಇಷ್ಟು ಸಾಧ್ಯ.

ಈಗ ಎದುರಾಳಿಗಳ ಬಲವಾದ ಸಾಕ್ಷಿಗಳಿಗೆ ಬರೋಣ. ಅವನ್ನು ಬದಿಗೆ ಸರಿಸುವುದು ನ್ಯಾಯವಲ್ಲ. 1987ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ಪ್ರಯೋಗಾಲಯದಲ್ಲಿ ಮಯೋ-ಡಿ ಎಂಬ ಒಂದೇ ಜೀನನ್ನು ಸೇರಿಸಿ ಸಾಮಾನ್ಯ ಸಂಯೋಜಕ ಕೋಶಗಳನ್ನು ಸ್ನಾಯುಕೋಶಗಳ ದಾರಿಗೆ ತಿರುಗಿಸಿದರು. 1995ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ವಾಲ್ಟರ್ ಗೇರಿಂಗ್ ಅವರ ತಂಡ ಐಲೆಸ್ ಎಂಬ ಜೀನನ್ನು ಹಣ್ಣುನೊಣದ ಬೇರೆ ಬೇರೆ ಅಂಗಗಳಲ್ಲಿ ಚಾಲೂ ಮಾಡಿ ಕಾಲಿನ ಮೇಲೆ, ರೆಕ್ಕೆಯ ಮೇಲೆ, ಕುಡಿಮೀಸೆಯ ಮೇಲೆ ಕಣ್ಣು ಮೂಡಿಸಿತು. ಆ ಚಿತ್ರ ಕಂಡವರು ಮರೆಯುವುದಿಲ್ಲ. ‘ಮಾಸ್ಟರ್ ಜೀನ್’ ಎಂಬ ಮಾತಿಗೆ ಜನರ ಮನಸ್ಸಿನಲ್ಲಿ ಇಂದಿಗೂ ಬಲ ಕೊಡುತ್ತಿರುವುದು ಆ ಚಿತ್ರವೇ.

ಎರಡೂ ಪ್ರಯೋಗಗಳು ನಿಜ, ಅದ್ಭುತ. ಆದರೆ ಅವುಗಳಿಂದ ಹೊರಡಿಸಿದ ತೀರ್ಮಾನ ನಿಲ್ಲುವುದಿಲ್ಲ. ಮಯೋ-ಡಿ ಒಬ್ಬಂಟಿಯಾಗಿ ಸರಿಯಾಗಿ ಡಿಎನ್‌ಎ ಹಿಡಿಯಲಾರದು. ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲಿ ಇರುವ ಇ-ಪ್ರೋಟೀನುಗಳಲ್ಲಿ ಒಂದರೊಂದಿಗೆ ಜೋಡಿಯಾದ ಮೇಲೇ ಅದಕ್ಕೆ ಹಿಡಿತ. ಪ್ರಯೋಗದಲ್ಲಿ ಹೊರಗಿನಿಂದ ಸೇರಿಸಿದ್ದು ಒಂದನ್ನು. ಉಳಿದವು ಕೋಶದೊಳಗೆ ಮೊದಲೇ ಕಾದಿದ್ದವು. ಐಲೆಸ್ ಕತೆಯೂ ಹಾಗೇ. ಎರಡೇ ವರ್ಷಗಳಲ್ಲಿ, 1997ರಲ್ಲಿ, ಬೇರೆ ತಂಡಗಳು ಐಸ್ ಆಬ್ಸೆಂಟ್, ಸೈನ್ ಆಕ್ಯುಲಿಸ್ ಎಂಬ ಜೊತೆ ಜೀನುಗಳಿಲ್ಲದೆ ಐಲೆಸ್ ಎಷ್ಟು ಒತ್ತಿದರೂ ಕಣ್ಣು ಮೂಡುವುದಿಲ್ಲ ಎಂದು ತೋರಿಸಿದವು. ಕೊನೆಯದಾಗಿ ಸೇರಿದ್ದನ್ನು ಎಲ್ಲಕ್ಕೂ ಕಾರಣ ಎಂದು ಕರೆಯುವುದು ತರ್ಕದ ಮೂಲಭೂತ ದೋಷ. ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಚರ್ಮದ ಕೋಶಗಳನ್ನು ಕಾಂಡಕೋಶಗಳಾಗಿ ಹಿಂತಿರುಗಿಸಿದಾಗ 24 ಜೀನುಗಳ ಪಟ್ಟಿಯಿಂದ ಹೊರಟಿದ್ದರು. ಅವುಗಳಲ್ಲಿ ಯಾವೊಂದೂ ಒಂಟಿಯಾಗಿ ಆ ಕೆಲಸ ಮಾಡಲಿಲ್ಲ. ನಾಲ್ಕು ಒಟ್ಟಿಗೆ ಬೇಕಾದವು.

ಆ ನಾಲ್ಕರಲ್ಲಿ ಒಂದಾದ ಸಾಕ್ಸ್-2 ಎಂಬ ಪ್ರೋಟೀನಿನ ಬದುಕನ್ನು ಸ್ವಲ್ಪ ಹಿಂಬಾಲಿಸಿದರೆ ಒಂಟಿ ಪ್ರೋಟೀನಿನ ವಾದದಲ್ಲಿ ಏನೂ ಉಳಿಯುವುದಿಲ್ಲ. ಕಾಂಡಕೋಶದಲ್ಲಿ ಸಾಕ್ಸ್-2 ಆಕ್ಟ್-4ರ ಜೊತೆ ಒಂದು ಬಗೆಯ ಜಾಗಗಳಿಗೆ ಹೋಗುತ್ತದೆ. ಕಣ್ಣಿನ ಮಸೂರ ಬೆಳೆಯುವಾಗ ಪ್ಯಾಕ್ಸ್-6ರ ಜೊತೆ ಬೇರೆ ಜಾಗಗಳಿಗೆ. ನರಕೋಶಗಳ ಮೂಲಕೋಶಗಳಲ್ಲಿ ಬಿಆರ್‌ಎನ್-2 ಜೊತೆ ಮತ್ತೂ ಬೇರೆ ಕಡೆಗೆ. ಪ್ರೋಟೀನ್ ಅದೇ, ಅದು ಓದುವ ಅಕ್ಷರಗಳೂ ಅವೇ, ಬದಲಾದದ್ದು ಜೊತೆಗಾರ. ಕೋಳಿಮರಿಯ ಮಸೂರದ ಕ್ರಿಸ್ಟಲಿನ್ ಜೀನಿನೊಳಗೇ ಡಿಸಿ-5 ಎಂಬ ಚಿಕ್ಕ ನಿಯಂತ್ರಕ ತುಣುಕೊಂದಿದೆ. ಅಲ್ಲಿರುವ ಪ್ಯಾಕ್ಸ್-6ರ ಜಾಗ ಆ ಪ್ರೋಟೀನಿಗೆ ಇಷ್ಟವಾದ ಸಾಲೇ ಅಲ್ಲ. ಒಂಟಿಯಾಗಿ ಅದು ಅಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಸಾಕ್ಸ್-2 ಪಕ್ಕದಲ್ಲಿ ಕೂತಾಗ ನಿಲ್ಲುತ್ತದೆ. ಜಪಾನಿನ ಹಿಸಾತೊ ಕೊಂಡೊ ಅವರ ತಂಡ 2001ರಲ್ಲಿ ಆ ಜಾಗವನ್ನು ತಿದ್ದಿ ಪ್ಯಾಕ್ಸ್-6ಕ್ಕೆ ಅತ್ಯುತ್ತಮವಾದ ಸಾಲನ್ನು ಇಟ್ಟಿತು. ಕೀಲಿ-ಬೀಗದ ಪ್ರಕಾರ ಜೀನ್ ಇನ್ನೂ ಜೋರಾಗಿ ನಡೆಯಬೇಕಿತ್ತು. ಪ್ಯಾಕ್ಸ್-6 ಚೆನ್ನಾಗಿಯೇ ಹಿಡಿಯಿತು. ಸಾಕ್ಸ್-2 ಜೊತೆಗಿನ ಒಗ್ಗಟ್ಟು ತಪ್ಪಿತು. ತುಣುಕಿನ ಕೆಲಸ ಕೆಟ್ಟಿತು.

ಇಲ್ಲಿ ದುರ್ಬಲತೆಯೇ ಗುಣ. ಒಂಟಿಯಾಗಿ ಹಿಡಿಯಲಾರದ ಜಾಗದಲ್ಲಿ ಜೊತೆ ಸಿಕ್ಕಾಗ ಮಾತ್ರ ಹಿಡಿಯುವುದರಿಂದಲೇ ಆ ಜೀನ್ ಬೇರೆ ಕಡೆ ಎಚ್ಚರಗೊಳ್ಳದೆ ಮಸೂರದಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ. ಸಿಯೋನಾ ಎಂಬ ಸಮುದ್ರಜೀವಿಯಲ್ಲಿ ಎಮ್ಮಾ ಫಾರ್ಲಿ ಮತ್ತು ಮೈಕೆಲ್ ಲೆವಿನ್ ತಂಡ 2015ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾಬೀತು ಮಾಡಿತು. ನಿಯಂತ್ರಕ ತುಣುಕಿನ ಸಡಿಲ ಜಾಗಗಳನ್ನು ಬಿಗಿ ಮಾಡಿ, ನಡುವಿನ ಅಂತರವನ್ನೂ ಹದಗೊಳಿಸಿದರೆ ಜೀನ್ ತನ್ನದಲ್ಲದ ಅಂಗಾಂಶಗಳಲ್ಲೂ ಚಾಲೂ ಆಯಿತು. ಆದ್ದರಿಂದ, ಡಿಎನ್‌ಎ ಸಾಲನ್ನು ಕಂಪ್ಯೂಟರಿಗೆ ಕೊಟ್ಟು ‘ಅತಿ ಹೆಚ್ಚು ಅಂಕ’ ಬಂದ ಜಾಗಗಳನ್ನು ಮಾತ್ರ ಹೆಕ್ಕಿ ಉಳಿದವನ್ನು ಕಸವೆಂದು ಬಿಸಾಡುವ ಅಭ್ಯಾಸ ಎಷ್ಟು ಪ್ರಚಲಿತವಾಗಿದ್ದರೂ ಅದು ಮುಖ್ಯವಾದದ್ದನ್ನೇ ಬಿಸಾಡುವ ಅಭ್ಯಾಸ ಎಂದು ಹೇಳದೆ ಗತಿಯಿಲ್ಲ.

ಪ್ರೋಟೀನುಗಳು ಒಂದನ್ನೊಂದು ಮುಟ್ಟುವುದರಿಂದ ಮಾತ್ರ ಸಹಕಾರ ಎಂದುಕೊಂಡರೆ ಅದೂ ಅರ್ಧಸತ್ಯ. ವೈರಸ್ ತಗುಲಿದಾಗ ನಮ್ಮ ಕೋಶಗಳು ಇಂಟರ್‌ಫೆರಾನ್-ಬೀಟಾ ತಯಾರಿಸುತ್ತವೆ. ಟಾಮ್ ಮನಿಯಾಟಿಸ್ ಅವರ ಗುಂಪು ದಶಕಗಳ ಕಾಲ ಬಿಡಿಸಿದ ಕಗ್ಗಂಟು ಈ ಜೀನಿನ ನಿಯಂತ್ರಣ. ಸುಮಾರು ಐವತ್ತು ಅಕ್ಷರಗಳ ಜಾಗದಲ್ಲಿ ಎಂಟು ಪ್ರೋಟೀನುಗಳು ಒತ್ತೊತ್ತಾಗಿ ಕೂರಬೇಕು. ಎಲ್ಲವೂ ಬಂದಾಗಲೇ ಜೀನ್ ಪೂರ್ಣ ಬಲದಲ್ಲಿ ನಡೆಯುತ್ತದೆ. 2007ರಲ್ಲಿ ಇದರ ಪರಮಾಣು ಮಟ್ಟದ ರಚನೆಯನ್ನು ಡೇನಿಯಲ್ ಪಾನೆ, ಮನಿಯಾಟಿಸ್ ಮತ್ತು ಸ್ಟೀಫನ್ ಹ್ಯಾರಿಸನ್ ಪ್ರಕಟಿಸಿದರು. ಅಷ್ಟು ಹತ್ತಿರ ಕೂತ ಆ ಎಂಟು ಪ್ರೋಟೀನುಗಳ ನಡುವೆ ನೇರ ಸ್ಪರ್ಶ ಬಹಳ ಕಡಿಮೆ! ಒಂದು ಕೂತಾಗ ಡಿಎನ್‌ಎ ತುಸು ಬಾಗುತ್ತದೆ, ಅದರ ಕಂದಕದ ಅಗಲ ಬದಲಾಗುತ್ತದೆ, ಆ ಬದಲಾದ ಆಕಾರ ಮುಂದಿನದಕ್ಕೆ ಅನುಕೂಲವಾಗುತ್ತದೆ. 2013ರಲ್ಲಿ ಸನ್ನಿ ಷಿಯೆ ಅವರ ತಂಡ ಬಿಡಿ ಅಣುಗಳನ್ನು ಅಳೆದು, ಒಂದು ಪ್ರೋಟೀನ್ ಕೂತ ಪರಿಣಾಮ ಡಿಎನ್‌ಎಯ ಮೂಲಕವೇ ಪಕ್ಕದ ಪ್ರೋಟೀನಿಗೆ ತಲುಪುತ್ತದೆ, ನಡುವಿನ ದೂರ ಬದಲಾದಂತೆ ಆ ಪರಿಣಾಮ ಸುಮಾರು ಹತ್ತು ಅಕ್ಷರಗಳಿಗೊಮ್ಮೆ ಏರಿಳಿಯುತ್ತದೆ ಎಂದು ತೋರಿಸಿತು. ಹತ್ತು ಅಕ್ಷರ ಅಂದರೆ ಡಿಎನ್‌ಎ ಏಣಿಯ ಒಂದು ಸುತ್ತು. ಹಾಗಾದರೆ ಡಿಎನ್‌ಎ ಬರೀ ಓದಿಸಿಕೊಳ್ಳುವ ಪಠ್ಯವಲ್ಲ, ಕೂಟದ ಒಬ್ಬ ಸದಸ್ಯ. ನಮ್ಮ ಕೋಶಗಳಲ್ಲಿ ಅದು 147 ಅಕ್ಷರಗಳಂತೆ ಹಿಸ್ಟೋನ್ ಉಂಡೆಗಳಿಗೆ ಸುತ್ತಿಕೊಂಡಿದೆ ಬೇರೆ. ಒಂದು ಪ್ರೋಟೀನ್ ಆ ಸುತ್ತನ್ನು ತುಸು ಸಡಿಲಿಸಿದರೆ ಇನ್ನೊಂದಕ್ಕೆ ಒಳಗೆ ಜಾಗ ಸಿಗುತ್ತದೆ. ಎರಡೂ ಒಂದನ್ನೊಂದು ಕಾಣದೆಯೇ ಸಹಕರಿಸುತ್ತವೆ.

ಎಲ್ಲ ಜೀನುಗಳೂ ಇಂಟರ್‌ಫೆರಾನ್ ಜೀನಿನಷ್ಟು ಕಟ್ಟುನಿಟ್ಟಲ್ಲ. ಎಷ್ಟೋ ಕಡೆ ಜಾಗಗಳ ಕ್ರಮ, ಅಂತರ ಸ್ವಲ್ಪ ಆಚೀಚೆಯಾದರೂ ಕೆಲಸ ನಡೆಯುತ್ತದೆ. ಕಟ್ಟು ಎಷ್ಟು ಬಿಗಿ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಅದು ಸಹಕಾರದ ಬಗೆಗಳ ಕುರಿತ ಜಗಳ. ಒಂಟಿ ಪ್ರೋಟೀನಿಗೆ ಅಲ್ಲಿ ವಕಾಲತ್ತು ಸಿಗುವುದಿಲ್ಲ. ಸ್ವೀಡನ್ನಿನಲ್ಲಿ ಯುಸ್ಸಿ ತೈಪಾಲೆ ಅವರ ತಂಡ 2015ರಲ್ಲಿ ಮಾನವ ಪ್ರೋಟೀನುಗಳನ್ನು ಜೋಡಿ ಜೋಡಿಯಾಗಿ ಡಿಎನ್‌ಎ ಮುಂದಿಟ್ಟು ಪರೀಕ್ಷಿಸಿದಾಗ ಒಟ್ಟಾಗಿ ಹಿಡಿಯುವ 315 ಜೋಡಿಗಳು ಸಿಕ್ಕವು. ಅವುಗಳಲ್ಲಿ ಬಹಳಷ್ಟು ಜೋಡಿಗಳು ಇಷ್ಟಪಟ್ಟ ಸಾಲು ಇಬ್ಬರ ಬಿಡಿ ಸಾಲುಗಳನ್ನು ಪಕ್ಕಪಕ್ಕ ಇಟ್ಟಂತೆಯೂ ಇರಲಿಲ್ಲ. ಜೊತೆಯಾದಾಗ ಅವು ಬೇರೆಯದನ್ನೇ ಓದುತ್ತವೆ.

ಈ ತಪ್ಪು ಪರೀಕ್ಷೆಯ ಉತ್ತರಪತ್ರಿಕೆಯಲ್ಲೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದು ಆಸ್ಪತ್ರೆಗೂ ಮಾರುಕಟ್ಟೆಗೂ ಬಂದಿದೆ.

ಕುಡುಗೋಲು ಕಣ (ಸಿಕಲ್ ಸೆಲ್) ರೋಗವನ್ನು ನೋಡಿ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ನಮ್ಮ ಆದಿವಾಸಿ ಸಮುದಾಯಗಳಲ್ಲಿ ಈ ರೋಗವಿದೆ. ಅದೇ ವರ್ಷ ಬ್ರಿಟನ್ ಮತ್ತು ಅಮೆರಿಕ ಇದಕ್ಕೆ ಕ್ಯಾಸ್‌ಜೆವಿ ಎಂಬ ಜೀನ್ ಕತ್ತರಿ ಚಿಕಿತ್ಸೆಯನ್ನು ಒಪ್ಪಿದವು. ‘ಒಂದು ಜೀನ್ ಕತ್ತರಿಸಿದರು, ರೋಗ ಹೋಯಿತು’ ಎಂದು ಅದನ್ನು ವರ್ಣಿಸಿದ್ದೇ ಹೆಚ್ಚು. ಆಗಿರುವುದು ಹಾಗಲ್ಲ. ರೋಗಿಯ ಕೆಟ್ಟ ಹಿಮೊಗ್ಲೋಬಿನಿಗೆ ಬದಲಿಯಾಗಬಲ್ಲ ಭ್ರೂಣಾವಸ್ಥೆಯ ಹಿಮೊಗ್ಲೋಬಿನನ್ನು ಅದುಮಿಡುವ ಬಿಸಿಎಲ್-11ಎ ಎಂಬ ಜೀನನ್ನೇ ಕೆಡಿಸಿದರೆ ರಕ್ತದ ಇತರ ಕೋಶಗಳಿಗೂ ಧಕ್ಕೆ. ಅದಕ್ಕೆಂದೇ ವಿಜ್ಞಾನಿಗಳು ಜೀನಿನಲ್ಲಿ ಪ್ರೋಟೀನ್ ಬರೆಯುವ ಭಾಗವನ್ನು ಮುಟ್ಟದೆ, ಅದರ ನಿಯಂತ್ರಕ ಭಾಗದಲ್ಲಿ ಗಾಟಾ-1 ಕೂರುವ ಒಂದು ಜಾಗವನ್ನು ಕೆಡಿಸಿದರು. ಆ ನಿಯಂತ್ರಕ ಭಾಗ ಕೆಲಸ ಮಾಡುವುದು ಕೆಂಪು ರಕ್ತಕಣಗಳ ಸಾಲಿನಲ್ಲಿ ಮಾತ್ರ, ಯಾಕೆಂದರೆ ಗಾಟಾ-1 ಮತ್ತು ಟಾಲ್-1ರಂಥ ಜೊತೆಗಾರರು ಒಟ್ಟಾಗಿ ಸಿಗುವುದು ಅಲ್ಲೇ. ಜೀನೋಮಿನ ಲಕ್ಷಾಂತರ ಗಾಟಾ ಸಾಲುಗಳಲ್ಲಿ ಆ ಒಂದು ಯಾಕೆ ಮುಖ್ಯ ಎಂದು ವಿವರಿಸುವುದು ಕೂಟದ ತಿಳಿವಳಿಕೆ. ಕೀಲಿ-ಬೀಗದ ಚಿತ್ರ ಅದನ್ನು ವಿವರಿಸಲಾರದು.

ಮಾರುಕಟ್ಟೆಯ ಕತೆ ಇದಕ್ಕೆ ತದ್ವಿರುದ್ಧ. 2007ರಲ್ಲಿ ಯುರೋಪಿಯನ್ನರ ಅಧ್ಯಯನವೊಂದರಲ್ಲಿ ಎಫ್‌ಟಿಒ ಎಂಬ ಜೀನಿನ ಒಂದು ರೂಪವನ್ನು ಎರಡೂ ಪ್ರತಿಗಳಲ್ಲಿ ಹೊತ್ತ ವಯಸ್ಕರು ಸರಾಸರಿ ಸುಮಾರು 3 ಕಿಲೊ ಹೆಚ್ಚು ತೂಗುತ್ತಾರೆಂದು ಕಂಡಿತು. ಕೂಡಲೇ ಅದು ‘ಬೊಜ್ಜಿನ ಜೀನ್’ ಆಯಿತು. 2014 ಮತ್ತು 2015ರ ಸಂಶೋಧನೆಗಳು ತೋರಿಸಿದ್ದು ಬೇರೆ. ಆ ಅಕ್ಷರ ಬದಲಾವಣೆ ಎಫ್‌ಟಿಒ ಒಳಗೆ ಕೂತಿದ್ದರೂ ಅದರ ಪರಿಣಾಮ ಆಗುವುದು ಲಕ್ಷಾಂತರ ಅಕ್ಷರ ದೂರದಲ್ಲಿರುವ ಐಆರ್‌ಎಕ್ಸ್-3, ಐಆರ್‌ಎಕ್ಸ್-5 ಎಂಬ ಜೀನುಗಳ ಮೇಲೆ. ಕೊಬ್ಬಿನ ಮೂಲಕೋಶಗಳಲ್ಲಿ ಎಆರ್‌ಐಡಿ-5ಬಿ ಎಂಬ ತಡೆ ಪ್ರೋಟೀನಿನ ಹಿಡಿತ ಅಲ್ಲಿ ತಪ್ಪುತ್ತದೆ, ದೂರದ ಆ ಜೀನುಗಳು ಜೋರಾಗುತ್ತವೆ. ಯಾವ ಕೋಶ, ಅದರಲ್ಲಿ ಯಾವ ಯಾವ ಪ್ರೋಟೀನುಗಳು ಇವೆ ಎಂಬುದರ ಮೇಲೆ ನಿಂತ ಪರಿಣಾಮ ಇದು. ಆದರೂ ಜೊಲ್ಲು ಪಡೆದು ವರದಿ ಕೊಡುವ ಡಿಎನ್‌ಎ ಕಿಟ್‌ಗಳ ವ್ಯಾಪಾರದಲ್ಲಿ ಎಫ್‌ಟಿಒ ಇಂದಿಗೂ ನಿಮ್ಮ ತೂಕದ ಹಣೆಬರಹವಾಗಿಯೇ ಇದೆ.

ನೀವು ಆ ಕಿಟ್ ಕೊಳ್ಳಲು ಹೊರಟಿದ್ದರೆ, ಅಥವಾ ನಿಮ್ಮ ಮನೆಯ ಯಾರಾದರೂ ವರದಿ ಹಿಡಿದು ಗಾಬರಿಯಾಗಿದ್ದರೆ, ಕೊಟ್ಟವರನ್ನು ಕೇಳಿ: ಈ ಅಕ್ಷರದ ಬದಲಾವಣೆ ಯಾವ ಪ್ರೋಟೀನಿನ ಹಿಡಿತವನ್ನು ತಪ್ಪಿಸುತ್ತದೆ, ಯಾವ ಜೀವಕೋಶದಲ್ಲಿ, ಅಲ್ಲಿ ಅದರ ಜೊತೆಗೆ ಇನ್ಯಾವ ಪ್ರೋಟೀನುಗಳಿವೆ? ಉತ್ತರ ಇಲ್ಲದಿದ್ದರೆ ಆ ವರದಿಯನ್ನು ನಂಬಬೇಡಿ, ಅದಕ್ಕೆ ಹಣವನ್ನೂ ಕೊಡಬೇಡಿ.